ತಲೆ ಬಗ್ಗಿಸಿದ ಅಳತೆ

ಹೊಲಿಗೆ ಮೆಷಿನ್ನಿನ ಡ್ರಾಯರಿನೊಳಗೆ ಅದು ಮತ್ತೆ ಗುರ್ ಎಂದಿತು. ಸದ್ದು ಕಿವಿಗೆ ಬೀಳುವ ಮೊದಲೇ ಟೈಲರಮ್ಮನ ಬೆರಳಿಗೆ ಗೊತ್ತಾಗಿಹೋಗಿತ್ತು. ಮರದ ಹಲಗೆಯಲ್ಲಿ ಹರಿದು, ಸೂಜಿಯ ಅಡಿಯಲ್ಲಿದ್ದ ಬಟ್ಟೆಗೆ ಏರಿ, ಬಟ್ಟೆಯನ್ನು ಒತ್ತಿ ಹಿಡಿದ ತೋರುಬೆರಳಿನ ತುದಿಯಲ್ಲಿ ಇರುವೆ ಓಡಿದಂತಾಯಿತು. ‘ಸುಮ್ನೆ ಬಿದ್ದಿರು’ ಎಂದಳು ಡ್ರಾಯರಿಗೆ. ಎಂದ ಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದೆ ತಿರುಗಿ ನೋಡಿದಳು. ಭಾನುವಾರ ಬೆಳಿಗ್ಗೆ ಯಾರು ಬರುತ್ತಾರೆ? ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ತೂಗುಹಾಕಿದ ತೋಳಿಲ್ಲದ ಎರಡು ಅಂಗಿ, ಒಂದು ಕಾಲು ಗಿಡ್ಡವಾಗಿ ಯಾವಾಗಲೂ ಯಾರಿಗೋ ನಮಸ್ಕಾರ ಮಾಡುವಂತೆ ವಾಲಿಕೊಂಡ ಗೊಂಬೆ, ನಿಲುವುಗನ್ನಡಿ. ಕನ್ನಡಿಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ಹೆಂಗಸೊಬ್ಬಳು ಡ್ರಾಯರಿಗೆ ಗದರುತ್ತಾ ಕೂತಿದ್ದಳು. ಟೇಪಿನ ತುದಿಗೆ ಡ್ರಾಯರಿನ ಕೀಲಿಯನ್ನು ಕಟ್ಟಿಕೊಂಡಿದ್ದಳು. ನಿನ್ನೆ ಸಂಜೆ ಮಗಳ ಫೋನನ್ನು ಕಿತ್ತುಕೊಂಡು ಬಾಬಿನ್ನು, ಮುರಿದ ಸೂಜಿ, ಬಣ್ಣದ ಸೀಮೆಸುಣ್ಣದ ಚೂರುಗಳ ನಡುವೆ ಮಲಗಿಸಿ ಬೀಗ ಹಾಕಿದಾಗ ಅವಳಿಗೆ ಎಷ್ಟು ಧೈರ್ಯ ಬಂದಿತ್ತೆಂದರೆ, ಪಕ್ಕದ ಮನೆಯವರು ಎರಡು ಮಾತು ಆಡಿದ್ದರೆ ಅವರದನ್ನೂ ಕಿತ್ತುಕೊಂಡು ಬರುತ್ತಿದ್ದಳು. ಈಗ ಆ ಧೈರ್ಯ ಇಷ್ಟಿಷ್ಟೇ ಸೋರಿ, ಯಾರು ಇಷ್ಟು ಸಲ ಕರೆಯುತ್ತಿರಬಹುದು, ಇಷ್ಟೊಂದು ಮಾತಾಡುವುದಕ್ಕೆ ಹದಿಮೂರು ವರ್ಷದವರ ಹತ್ತಿರ ಏನಿರುತ್ತದೆ, ಎನ್ನುವ ಕೆಟ್ಟ ಕುತೂಹಲವಷ್ಟೇ ಉಳಿದಿತ್ತು.

ಫೋನು ಕಿತ್ತುಕೊಳ್ಳಬೇಕೆಂದು ಅವಳು ಕಲಿತದ್ದು ಫೋನಿನಿಂದಲೇ. ತಲೆಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ನಗುಮುಖದ ತಜ್ಞರು ಮಕ್ಕಳ ಮನಸ್ಸು, ಮಕ್ಕಳ ನಿದ್ದೆ, ಮಕ್ಕಳ ಸಿಡುಕು ಎಂದು ಒಂದಾದ ಮೇಲೊಂದು ವೀಡಿಯೋ ಹಾಕುತ್ತಿದ್ದರು. ಅವಳು ಕಾಜಾ ಹಾಕುತ್ತಾ ನೋಡಿದಳು, ಅಡುಗೆ ಮಾಡುತ್ತಾ ನೋಡಿದಳು, ಕೊನೆಗೆ ಏನೂ ಮಾಡದೆ ಸುಮ್ಮನೆ ಕೂತು ನೋಡಿದಳು. ‘ಎಷ್ಟು ಹೊತ್ತು ನೋಡ್ತೀಯೇ ಅದನ್ನ?’ ಎಂದು ಗಂಡ ಕೇಳಿದರೆ, ‘ತಡೀರಿ, ಮಕ್ಕಳು ಜಾಸ್ತಿ ಹೊತ್ತು ಫೋನ್ ನೋಡಬಾರದು ಅಂತ ಹೇಳ್ತಿದ್ದಾರೆ, ಇನ್ನೂ ಮುಗಿದಿಲ್ಲ’ ಎಂದು ಕೈ ಅಡ್ಡ ಹಿಡಿದಿದ್ದಳು. ತಜ್ಞರು ಹೇಳಿದ ಲಕ್ಷಣಗಳೆಲ್ಲ ಮಗಳಲ್ಲಿ ಇದ್ದವು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಉಗುರನ್ನು ಕಚ್ಚಿ ಕಚ್ಚಿ ಬೆರಳ ತುದಿಯಲ್ಲಿ ಕೆಂಪು. ಊಟದ ಡಬ್ಬಿ ತುಂಬಿಕೊಂಡು ಹೋದದ್ದು ತುಂಬಿಕೊಂಡೇ ವಾಪಸು. ಕರೆದರೆ ‘ಹ್ಞಾಂ’ ಎನ್ನುವುದಕ್ಕೂ ಅವಳಿಗೆ ಸಾಲ ಕೊಟ್ಟಷ್ಟು ಕಷ್ಟ. ಡಾಕ್ಟರು ಹೊಟ್ಟೆಯನ್ನು ಅಲ್ಲಿ ಇಲ್ಲಿ ಒತ್ತಿ, ‘ಹೊಟ್ಟೆಯಲ್ಲೇನೂ ಇಲ್ಲ, ಫೋನ್ ಕಡಿಮೆ ಮಾಡಿಸಿ’ ಎಂದಾಗ ಟೈಲರಮ್ಮನಿಗೆ ಪರೀಕ್ಷೆಯಲ್ಲಿ ತಾನು ಓದಿಕೊಂಡು ಹೋದ ಪ್ರಶ್ನೆಯೇ ಬಂದಷ್ಟು ಸಮಾಧಾನವಾಗಿತ್ತು. ಮಗಳು ಮಾತ್ರ ಡಾಕ್ಟರ ಕೈ ಹೊಟ್ಟೆಯ ಮೇಲಿದ್ದಷ್ಟು ಹೊತ್ತೂ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು.

ಆ ಫೋನು ಎಂಬ ಭೂತವನ್ನು ಮನೆಗೆ ಕರೆತಂದವರು ಯಾರು ಎಂದು ತಜ್ಞರು ಕೇಳಲಿಲ್ಲ, ಸದ್ಯ. ಮಗು ಅಂಬೆಗಾಲಿಡುವಾಗ ಮೆಷಿನ್ನಿನ ಪೆಡಲಿನ ಹತ್ತಿರ ಬಂದು ಕೈ ಇಡುತ್ತಿತ್ತು. ನೆಲದಲ್ಲಿ ಬಿದ್ದದ್ದೆಲ್ಲ ಬಾಯಿಗೆ. ಒಂದು ದಿನ ಯಾರದೋ ಅಂಗಿಯ ಬಿಳೀ ಗುಂಡಿಯನ್ನು ನುಂಗಿಯೇಬಿಟ್ಟಿತು. ಮನೆಮಂದಿಯೆಲ್ಲ ಎರಡು ದಿನ ಅದರ ಹಿಂದೆ ಕಾದು ಕೂತು, ಅದು ಬರಬೇಕಾದ ದಾರಿಯಲ್ಲಿ ಬಂದಾಗ ಲಾಟರಿ ಹೊಡೆದವರಂತೆ ಕುಣಿದಿದ್ದರು. ಅವತ್ತಿನಿಂದ ಮಗುವಿನ ಹೆಸರು ಗುಂಡಿ. ಅವತ್ತಿನಿಂದಲೇ ಅದರ ಕೈಗೆ ಫೋನು. ಫೋನು ಕೊಟ್ಟರೆ ಗೊಂಬೆ ಕೂತ ಹಾಗೆ ಕೂರುತ್ತಿತ್ತು, ಟೈಲರಮ್ಮ ನಿಶ್ಚಿಂತೆಯಿಂದ ಪೆಡಲು ತುಳಿಯುತ್ತಿದ್ದಳು. ‘ಎಷ್ಟು ಜಾಣೆ ನಿಮ್ಮ ಮಗು, ತಂಟೆಯೇ ಇಲ್ಲ’ ಎಂದು ಗಿರಾಕಿಗಳು ಹೇಳಿದಾಗ ಹೆಮ್ಮೆಯಿಂದ ತಲೆ ಆಡಿಸುತ್ತಿದ್ದಳು. ಜಾಣತನ ಮಗುವಿನದೋ ಫೋನಿನದೋ ಎಂದು ಆಗ ಯಾರು ಯೋಚಿಸುತ್ತಿದ್ದರು?

ಒಳಗಿನಿಂದ ಗಂಡ ಹೆಗಲಿಗೆ ಉಪಕರಣಗಳ ಚೀಲ ಏರಿಸಿಕೊಂಡು ಬಂದ. ಅವನು ಲಿಫ್ಟ್ ಮೆಕ್ಯಾನಿಕ್ಕು. ಭಾನುವಾರವೇ ಲಿಫ್ಟುಗಳು ಕೆಡುವುದು, ವಾರವೆಲ್ಲ ಅವು ಇವನಿಗೆ ರಜೆ ಬರಲಿ ಎಂದು ಕಾಯುತ್ತಿರುತ್ತವೆ ಎಂದು ಅವಳ ಗುಮಾನಿ.

‘ಖೈದಿ ಹೇಗಿದ್ದಾನೆ?’ ಎಂದ ಡ್ರಾಯರಿನ ಕಡೆ ಗದ್ದ ಎತ್ತಿ.

‘ತಮಾಷೆ ಮಾಡಬೇಡಿ. ಬೆಳಗಿನಿಂದ ಬಾಗಿಲು ಹಾಕಿಕೊಂಡು ಮಲಗಿದ್ದಾಳೆ. ನಾಳೆ ಕ್ಲಾಸಿನ ಫೋಟೋ. ಹೋಗಲ್ಲ ಅಂದ್ರೆ ಹೋಗಲ್ಲ ಅಂತಾಳೆ. ವರ್ಷಕ್ಕೊಂದು ಫೋಟೋ ಕಣ್ರೀ! ನೀವಾದರೂ ಒಂದು ಮಾತು ಜೋರು ಮಾಡಬಾರದಾ?’

‘ಲಿಫ್ಟ್ ಸಿಕ್ಕಿಹಾಕಿಕೊಂಡಾಗ ನಾವು ಜೋರು ಮಾಡಲ್ಲ ಮಾರಾಯ್ತಿ. ಮೊದಲು ಒಳಗಿರೋರನ್ನ ಮಾತಾಡಿಸ್ತೀವಿ.’

‘ಏನಂತ?’

‘ಒಳಗೆ ಎಷ್ಟು ಜನ ಇದ್ದೀರಿ ಅಂತ.’

‘ಆಹಾ, ಏನು ಬುದ್ಧಿವಂತಿಕೆ! ಇಲ್ಲಿ ಒಳಗೆ ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತು, ಹೊರಡಿ.’

ಅವನು ನಗುತ್ತಾ ಹೊರಟುಹೋದ. ಬಾಗಿಲ ಹತ್ತಿರ ನಿಂತು, ಜೇಬಿನಿಂದ ಫೋನು ತೆಗೆದು, ವಿಳಾಸ ನೋಡುತ್ತೇನೆಂಬ ನೆಪದಲ್ಲಿ ಬೇರೇನನ್ನೋ ನೋಡಿ ಇನ್ನೊಮ್ಮೆ ನಕ್ಕು, ಹೋದ. ಈ ಮನೆಯಲ್ಲಿ ತಾನೊಬ್ಬಳೇ ಎಲ್ಲವನ್ನೂ ಸರಿಮಾಡಬೇಕು ಎಂದುಕೊಳ್ಳುತ್ತಾ ಟೈಲರಮ್ಮ ಮೆಷಿನ್ನಿನ ಮೇಲಿದ್ದ ಹೊಸ ಫ್ರಾಕಿನ ಕೊನೆಯ ದಾರ ಕತ್ತರಿಸಿದಳು. ನವಿಲುಬಣ್ಣದ ಬಟ್ಟೆ. ಮಗಳಿಗೆ ಹೇಳದೆ ಆರಿಸಿದ್ದು. ಅಳತೆಯನ್ನೂ ಗೊತ್ತಾಗದ ಹಾಗೆ ತೆಗೆದಿದ್ದಳು. ಮೊನ್ನೆ ಗುಂಡಿ ಕಿಟಕಿಯ ಪಕ್ಕ ಫೋನು ನೋಡುತ್ತಾ ನಿಂತಿದ್ದಾಗ ಹಿಂದಿನಿಂದ ಹೋಗಿ ಟೇಪು ಹಿಡಿದರೆ, ಭುಜಕ್ಕೆ ನೊಣ ಕೂತಷ್ಟೂ ಅವಳಿಗೆ ತಿಳಿಯಲಿಲ್ಲ. ಕೊರಳಿಗೆ ಒಂದೇ ಒಂದು ಗುಂಡಿ, ಆದರೆ ಎಂಥ ಗುಂಡಿ! ಕಡುನೀಲಿ, ನಡುವೆ ಬೆಳ್ಳಿಯ ಚುಕ್ಕಿ. ಅದನ್ನೂ ಮಗಳೇ ತಂದದ್ದು. ಈಚೆಗೆ ಅವಳ ಶಾಲೆಯ ಬ್ಯಾಗು ಝಾಡಿಸಿದರೆ ಸಾಕು, ತಳದಿಂದ ಒಂದೆರಡು ಗುಂಡಿ ಉದುರುತ್ತಿದ್ದವು. ಬಾಯಿಬಿಟ್ಟು ಮಾತಾಡದಿದ್ದರೂ ಹುಡುಗಿ ಎಲ್ಲೆಲ್ಲಿಂದಲೋ ಅಮ್ಮನಿಗಾಗಿ ಗುಂಡಿ ಹೆಕ್ಕಿ ತರುತ್ತಾಳೆ ಎಂದು ಟೈಲರಮ್ಮನಿಗೆ ಒಳಗೊಳಗೇ ಕರಗುತ್ತಿತ್ತು. ಅವನ್ನು ಬಣ್ಣ ನೋಡಿ ಡಬ್ಬಿಗಳಲ್ಲಿ ಹಾಕಿಟ್ಟಿದ್ದಳು. ಕೇಳಿ ನಾಚಿಸಬಾರದು ಎಂದು ಕೇಳಿರಲಿಲ್ಲ.

‘ಗುಂಡೀ, ಬಾ ಇಲ್ಲಿ! ಒಂದು ನಿಮಿಷ ಬಂದುಹೋಗು!’

ಮೂರನೆಯ ಸಲಕ್ಕೆ ಬಂದಳು. ಕೂದಲು ಹಕ್ಕಿಗೂಡು. ಕೈ ಯಾವ ಕಡೆ ಇಡಬೇಕೆಂದು ಗೊತ್ತಿಲ್ಲದವಳಂತೆ, ಫೋನು ಇರುತ್ತಿದ್ದ ಜಾಗದಲ್ಲಿ ಗಾಳಿಯನ್ನು ಹಿಡಿದುಕೊಂಡು ನಿಂತಳು. ಫ್ರಾಕನ್ನು ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ, ಆದರೆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಟೈಲರಿನ ಮಗಳಲ್ಲವೇ, ಅಷ್ಟು ಸಾಕಿತ್ತು. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತಳು, ಮುನಿಸಿಕೊಂಡವರು ನಿಲ್ಲುವ ಹಾಗೆ ಕಡ್ಡಿಯಂತೆ ನೆಟ್ಟಗೆ.

‘ಗಂಟಲು ಹಿಡಿಯುತ್ತೆ.’

‘ಹಿಡಿಯೋಕೆ ಹೇಗೆ ಸಾಧ್ಯ?’ ಎಂದು ಮುಂದೆ ಬಂದ ಟೈಲರಮ್ಮ ಅಲ್ಲೇ ನಿಂತುಬಿಟ್ಟಳು. ಹಿಡಿಯುತ್ತಿತ್ತು. ಮುಂಭಾಗ ಮೇಲಕ್ಕೆಳೆದುಕೊಂಡು ಕೊರಳನ್ನು ಒತ್ತುತ್ತಿತ್ತು. ಅಂಚು ಮುಂದೆ ಗಿಡ್ಡ, ಹಿಂದೆ ಉದ್ದ. ಬೆನ್ನಿನ ಮೇಲ್ಭಾಗದಲ್ಲಿ ಬಟ್ಟೆ ಗಾಳಿ ತುಂಬಿದ ಚೀಲದ ಹಾಗೆ ಉಬ್ಬಿಕೊಂಡಿತ್ತು. ಇಪ್ಪತ್ತು ವರ್ಷದಲ್ಲಿ ಅವಳ ಕತ್ತರಿ ಇಂಥ ತಪ್ಪು ಮಾಡಿರಲಿಲ್ಲ. ಎಂಥೆಂಥ ಮೈಗೆ ಹೊಲಿದಿದ್ದಳು, ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಇದ್ದವರಿಗೂ ಹೊಲಿದು ಸಮ ಎನಿಸಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ ಹೀಗಾ? ಸುತ್ತ ಒಂದು ಸುತ್ತು ಬಂದಳು. ಎಳೆದಳು. ಕುಕ್ಕರಗಾಲಲ್ಲಿ ಕೂತು ನೋಡಿದಳು.

‘ಸ್ವಲ್ಪ ತಲೆ ಬಗ್ಗಿಸು ನೋಡೋಣ.’

ಗುಂಡಿ ತಲೆ ಬಗ್ಗಿಸಿದಳು. ಭುಜ ಮುಂದಕ್ಕೆ ಬಾಗಿತು, ಬೆನ್ನು ಗೂನಾಯಿತು, ಫ್ರಾಕು ಮೈಗೆ ಎರಕ ಹೊಯ್ದ ಹಾಗೆ ಕೂತಿತು. ಒಂದೇ ಒಂದು ಸುಕ್ಕಿಲ್ಲ.

‘ನೋಡಿದ್ಯಾ! ಎಷ್ಟು ಸರಿಯಾಗಿದೆ!’ ಎಂದು ಬಾಯಿ ತಪ್ಪಿ ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಕಿಟಕಿಯ ಪಕ್ಕ. ಫೋನು. ಟೇಪು ಹಿಡಿದದ್ದು ಮಗಳಿಗಲ್ಲ, ಫೋನು ನೋಡುವ ಮಗಳಿಗೆ.

‘ಹಾಗಾದ್ರೆ ಫೋಟೋದಲ್ಲಿ ಹೀಗೇ ನಿಲ್ತೀನಿ ಬಿಡು’ ಎಂದಳು ಗುಂಡಿ ನೆಲವನ್ನು ನೋಡುತ್ತಾ. ‘ಮುಖ ಕಾಣಲ್ಲ. ಒಳ್ಳೇದೇ ಆಯ್ತು.’

ಅದರಲ್ಲಿ ಸ್ವಲ್ಪ ನಗುವಿತ್ತೇ? ಇತ್ತೇನೋ. ಇದ್ದದ್ದನ್ನು ಹಿಡಿದುಕೊಳ್ಳಬೇಕು ಎಂದು ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಮಗಳ ಬೆರಳು ಕೊರಳ ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. ಕನ್ನಡಿಗೆ ಹತ್ತಿರ ಹೋಗಿ ನೋಡಿದಳು. ಮುಖ ಸುಣ್ಣದ ಗೋಡೆಯಾಯಿತು.

‘ಈ ಗುಂಡಿ ಎಲ್ಲಿಂದ ಬಂತು?’

‘ನೀನೇ ತಂದದ್ದಲ್ವೇನೇ? ನಿನ್ನ ಬ್ಯಾಗಲ್ಲಿ ಸಿಕ್ತು. ಯಾವುದೋ ಕೋಟಿನದು ಇರಬೇಕು, ಎಷ್ಟು ಲಕ್ಷಣವಾಗಿದೆ ಅಲ್ವಾ?’

ಗುಂಡಿ ಎರಡೂ ಕೈ ಕೊರಳಿಗೆ ಹಾಕಿದಳು. ಬಿಚ್ಚಲು ಹೋದಳು, ಬೆರಳಿಗೆ ಉಗುರಿಲ್ಲ, ಬಿಚ್ಚಲಾಗಲಿಲ್ಲ. ಹಾಗೇ ಕೊರಳ ಬಟ್ಟೆಯನ್ನು ಹಿಡಿದೆಳೆದುಕೊಂಡೇ ಒಳಗೆ ಓಡಿದಳು. ಕೋಣೆಯ ಬಾಗಿಲು ಬಡಿದುಕೊಂಡ ಸದ್ದಿಗೆ ವಾಲಿದ ಗೊಂಬೆ ಇನ್ನಷ್ಟು ವಾಲಿತು. ಸಿಡುಕು, ಎಂದುಕೊಂಡಳು ಟೈಲರಮ್ಮ. ಫೋನು ಬಿಡಿಸಿದ ಹೊಸದರಲ್ಲಿ ಸಿಡುಕು ಬಂದೇ ಬರುತ್ತದೆ, ತಾಯಂದಿರು ಕರಗಬಾರದು ಎಂದು ತಜ್ಞರು ಹೇಳಿದ್ದಾರೆ. ಕರಗಬಾರದು. ಹೀಗೆಂದು ಎರಡೆರಡು ಸಲ ಹೇಳಿಕೊಳ್ಳುತ್ತಿರುವಾಗಲೇ ಬೀದಿಯ ಬಾಗಿಲಲ್ಲಿ ಹಲ್ಲಿನ ಡಾಕ್ಟರಮ್ಮ ಕಾಣಿಸಿಕೊಂಡಳು. ಎದುರಿನ ಕಟ್ಟಡದಲ್ಲಿ ಅವಳ ಕ್ಲಿನಿಕ್ಕು; ಅವಳ ಮಗಳು ಗುಂಡಿಯದೇ ಕ್ಲಾಸು. ಅರ್ಧ ಹೊಲಿದ ಕೋಟನ್ನು ಹಾಕಿ ನೋಡಲು ವಾರದಿಂದ ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದವಳು, ಬರಬಾರದ ಹೊತ್ತು ನೋಡಿಕೊಂಡು ಬಂದಿದ್ದಳು.

ಡಾಕ್ಟರಮ್ಮನಿಗೆ ಮಾತೆಂದರೆ ಪ್ರಾಣ. ದಿನವಿಡೀ ಬಾಯಿ ತೆರೆದುಕೊಂಡು ಕೂತು ಉತ್ತರ ಕೊಡಲಾಗದವರ ಹತ್ತಿರವೇ ಮಾತಾಡಿ ಮಾತಾಡಿ ಅವಳಿಗೆ ಅಡ್ಡಿಯಿಲ್ಲದ ಮಾತಿನ ರುಚಿ ಹತ್ತಿಹೋಗಿತ್ತು. ಇಲ್ಲಿ ಅನುಕೂಲವೂ ಹಾಗೇ ಒದಗಿತು. ಟೈಲರಮ್ಮ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಕೋಟಿನ ಪಕ್ಕೆಗೆ ಚುಚ್ಚತೊಡಗಿದಳು.

‘ಎಲ್ಲಿ ನಿಮ್ಮ ಗುಂಡಿ? ಅಯ್ಯೋ, ನಮ್ಮ ಮನೆಯಲ್ಲಿ ಅವಳದ್ದೇ ಸುದ್ದಿ ಕಣ್ರೀ. ನೀವು ಹಾಕಿದ್ರಲ್ಲ ಆ ವೀಡಿಯೋ, ನನ್ನ ಮಗಳು ಬಾಯಿಪಾಠ ಮಾಡಿಬಿಟ್ಟಿದ್ದಾಳೆ. ನಿಮ್ಮ ಧ್ವನಿಯಲ್ಲೇ ಹೇಳ್ತಾಳೆ, “ಹೊಟ್ಟೆಗೆ ಒಂದಿಂಚು ಜಾಸ್ತಿ ಬಿಡಬೇಕು, ನಮ್ಮ ಗುಂಡಿ ತಿನ್ನೋದರಲ್ಲಿ ಹಿಂದೆ ಬಿದ್ದವಳಲ್ಲ!” ನಕ್ಕೂ ನಕ್ಕೂ ಸಾಕಾಯ್ತು. ಕ್ಲಾಸಲ್ಲೆಲ್ಲ ಈಗ ಅವಳನ್ನ ಗುಂಡಿ ಅಂತಲೇ ಕರೆಯೋದಂತೆ. ಒಂದಿಂಚು ಅಂತಲೂ ಕರೀತಾರಂತೆ. ಎಷ್ಟು ಮುದ್ದು ಅಲ್ವಾ? ಮಕ್ಕಳು ಎಷ್ಟು ಬೇಗ ಹತ್ತಿರ ಆಗ್ತಾರೆ ನೋಡಿ!’

ಟೈಲರಮ್ಮ ಏನೋ ಹೇಳಹೋದಳು. ಬಾಯ ತುಂಬ ಸೂಜಿ. ‘ಹ್ಞೂಂ’ ಎಂದಷ್ಟೇ ಹೊರಬಿತ್ತು, ಡಾಕ್ಟರಮ್ಮ ಅದನ್ನು ಸಂತೋಷವೆಂದು ತಿಳಿದು ಮುಂದುವರಿದಳು. ಆ ಗುಂಡಿ ನುಂಗಿದ ಕಥೆಯಂತೂ ಅವಳಿಗೆ ಎಷ್ಟು ಇಷ್ಟವಾಯಿತೆಂದರೆ ಕ್ಲಿನಿಕ್ಕಿಗೆ ಬಂದವರಿಗೂ ತೋರಿಸಿದ್ದಾಳೆ. ಟೈಲರಮ್ಮ ಒಂದು ಸೂಜಿಯನ್ನು ಕೋಟಿಗೆ ಚುಚ್ಚುವ ಬದಲು ತನ್ನ ಹೆಬ್ಬೆರಳಿಗೆ ಚುಚ್ಚಿಕೊಂಡಳು. ಕೋಟನ್ನು ಬಿಚ್ಚಿಸಿಕೊಂಡು, ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದಳು. ‘ಬುಧವಾರ ಕೊಡ್ತೀನಿ ಡಾಕ್ಟ್ರೇ’ ಎಂದಳು. ಡಾಕ್ಟರಮ್ಮ ಹೋಗುತ್ತಾ, ‘ಇನ್ನೊಂದು ವೀಡಿಯೋ ಹಾಕಿ, ಕಾಯ್ತಿರ್ತೀವಿ!’ ಎಂದು ಕೂಗಿ ರಸ್ತೆ ದಾಟಿದಳು.

ಟೈಲರಮ್ಮ ತನ್ನ ಫೋನನ್ನು ತೆಗೆದಳು. ಅಂಗಡಿಯ ಹೆಸರಲ್ಲಿ ಅವಳೊಂದು ಪುಟ ಮಾಡಿಕೊಂಡಿದ್ದಳು, ಮಾಡಿಕೊಟ್ಟವಳು ಗುಂಡಿಯೇ. ಹೊಲಿದ ಬಟ್ಟೆಗಳ ಚಿತ್ರ ಹಾಕಿದರೆ ಎಂಟೋ ಹತ್ತೋ ಹೃದಯ ಬೀಳುತ್ತಿದ್ದವು, ಅದರಲ್ಲಿ ಒಂದು ಗಂಡನದು, ಇನ್ನೊಂದು ಅವಳದೇ. ‘ಅಳತೆ ತೆಗೆಯುವುದು ಹೇಗೆ’ ಎಂದು ಮಗಳನ್ನು ನಿಲ್ಲಿಸಿ ತೆಗೆದ ಈ ವೀಡಿಯೋಕ್ಕೆ ಮಾತ್ರ ಹೃದಯಗಳು ಮಳೆಗಾಲದ ಹುಳುಗಳ ಹಾಗೆ ಮುತ್ತಿದವು. ಎಂದೂ ನೋಡದ ಬೀದಿಗಳಿಂದ ಗಿರಾಕಿಗಳು ಬಂದು, ‘ನೀವೇ ಅಲ್ವಾ?’ ಎಂದಿದ್ದರು. ಬಾಗಿಲು ತೆರೆಯುವ ಮೊದಲು ಎಷ್ಟಾದವು ಎಂದು ನೋಡುವುದು, ಮುಚ್ಚಿದ ಮೇಲೆ ಎಷ್ಟಾದವು ಎಂದು ನೋಡುವುದು, ಬಾಬಿನ್ನು ಬದಲಿಸುವಾಗ ಸುಮ್ಮನೆ ಒಮ್ಮೆ. ಯಾವಾಗಲೂ ಅವಳು ಹೃದಯದ ಪಕ್ಕದ ಅಂಕಿಯನ್ನೇ ನೋಡುತ್ತಿದ್ದಳು. ಈಗ ಮೊದಲ ಸಲ ವೀಡಿಯೋವನ್ನು ನೋಡಿದಳು. ಅಲ್ಲಿ ಒಬ್ಬ ಹೆಂಗಸು ಸಂತೆಯಲ್ಲಿ ಹರಾಜು ಕೂಗುವವಳ ಹಾಗೆ ಅಳತೆಗಳನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಅಂಗಡಿಯ ರೂಢಿ ಅದು. ಕೂಗದಿದ್ದರೆ ಅವಳಿಗೆ ನೆನಪುಳಿಯದು. ಎದೆ ಇಷ್ಟು, ಹೊಟ್ಟೆ ಇಷ್ಟು, ಸೊಂಟ ಇಷ್ಟು. ಮಗಳು ನಗುತ್ತಿದ್ದಳು, ಹೌದು, ಅವಳ ನೆನಪು ಸುಳ್ಳಲ್ಲ. ಆದರೆ ಹೊಟ್ಟೆಯ ಮಾತು ಬಂದಾಗ ನಗು ಇದ್ದಲ್ಲೇ ಇದ್ದು, ಬಲಗೈ ಒಂದೇ ಮೆಲ್ಲಗೆ ಎದ್ದು ಬಂದು ಹೊಟ್ಟೆಗೆ ಅಡ್ಡ ನಿಂತಿತು. ಹೆಂಗಸು ಆ ಕೈಯನ್ನು ಪಟ್ಟನೆ ಸರಿಸಿ, ಟೇಪು ಬಿಗಿಮಾಡಿ, ಕ್ಯಾಮೆರಾ ಕಡೆ ತಿರುಗಿ ಗುಂಡಿ ನುಂಗಿದ ಕಥೆ ಶುರುಮಾಡಿದಳು. ಟೈಲರಮ್ಮ ಹಿಂದಕ್ಕೆ ತಳ್ಳಿ ಮತ್ತೆ ನೋಡಿದಳು. ಕೈ ಎದ್ದಿತು, ಸರಿಸಲ್ಪಟ್ಟಿತು. ಮತ್ತೆ ಎದ್ದಿತು, ಸರಿಸಲ್ಪಟ್ಟಿತು. ಡ್ರಾಯರು ಗುರ್ ಎಂದಿತು. ಈ ಸಲ ಅದು ಯಾರನ್ನು ಕರೆಯುತ್ತಿದೆ, ಏನೆಂದು ಕರೆಯುತ್ತಿದೆ ಎಂದು ಅವಳಿಗೆ ಕೇಳಿಸಿದ ಹಾಗಾಯಿತು.

ಕತ್ತರಿ ತೆಗೆದುಕೊಂಡು ಕೋಣೆಯ ಬಾಗಿಲ ಮುಂದೆ ಬಂದು ನಿಂತಳು. ತಟ್ಟಲು ಎತ್ತಿದ ಕೈ ಹಾಗೇ ಉಳಿಯಿತು. ಇಂಥ ಹೊತ್ತಿಗೆ ಏನು ಹೇಳಬೇಕೆಂದು ನಗುಮುಖದ ತಜ್ಞರು ಹೇಳಿರಲಿಲ್ಲ, ಅಥವಾ ಅದು ಮುಂದಿನ ಭಾಗದಲ್ಲಿತ್ತೋ ಏನೋ. ‘ಗುಂಡೀ’ ಎನ್ನಹೋಗಿ ನಾಲಿಗೆ ಕಚ್ಚಿಕೊಂಡಳು. ಆ ಹೆಸರು ಬಿಟ್ಟು ಮಗಳನ್ನು ಕರೆದು ಅವಳಿಗೆ ರೂಢಿಯೇ ಇರಲಿಲ್ಲ. ಶಾಲೆಯ ದಾಖಲಾತಿಯ ಹೆಸರಿನಿಂದ ಕರೆದರೆ ಹಾಜರಿ ಕರೆದ ಹಾಗಾಗುತ್ತದೆ. ಕೊನೆಗೆ, ಬೈದು ಕಳಿಸಿದ ಗಂಡನ ಮಾತನ್ನೇ ಎರವಲು ತೆಗೆದುಕೊಂಡಳು.

‘ಒಳಗೆ ಎಷ್ಟು ಜನ ಇದ್ದೀರಿ?’

ಒಳಗೆ ಮೂಗು ಒರೆಸಿಕೊಂಡ ಸದ್ದು.

‘ಒಬ್ಬಳೇ.’

‘ಹೊರಗೂ ಒಬ್ಬಳೇ ಇದ್ದಾಳೆ. ಬರಲಾ?’

‘ಬೀಗ ಹಾಕಿಲ್ಲ. ಬೀಗ ಹಾಕೋದು ನೀನು.’

ಗುಂಡಿ ಹಾಸಿಗೆಯ ಮೇಲೆ ಮಂಡಿ ಮಡಚಿ ಕೂತಿದ್ದಳು, ಇನ್ನೂ ಅದೇ ಫ್ರಾಕಿನಲ್ಲಿ, ತಲೆ ಬಗ್ಗಿಸಿಕೊಂಡು. ಆ ಭಂಗಿಯಲ್ಲಿ ಫ್ರಾಕು ಅಚ್ಚುಕಟ್ಟಾಗಿ ಕೂತಿರುವುದನ್ನು ಟೈಲರಮ್ಮನ ಕಣ್ಣು ಹಾಳು ಅಭ್ಯಾಸದಿಂದ ಗಮನಿಸಿಯೇಬಿಟ್ಟಿತು. ಕೈಯಲ್ಲಿದ್ದ ಕತ್ತರಿಯನ್ನು ತೋರಿಸಿ ಕೊರಳ ಕಡೆ ಸನ್ನೆ ಮಾಡಿದಳು. ಗುಂಡಿ ಗದ್ದ ಎತ್ತಿದಳು. ಒಂದು ಕಚ್ಚು, ನೀಲಿ ಗುಂಡಿ ಹಾಸಿಗೆಯ ಮೇಲೆ ಬಿದ್ದು ಉರುಳಿತು. ಇಬ್ಬರೂ ಅದನ್ನೇ ನೋಡಿದರು.

‘ಇದನ್ನ ನೀನು ತಂದದ್ದಲ್ಲ ಅಲ್ವಾ?’

‘ಕ್ಲಾಸಿನವರು ಡಬ್ಬಿಗೆ ಹಾಕ್ತಾರೆ’ ಎಂದಳು ಗುಂಡಿ. ‘ಊಟದ ಡಬ್ಬಿಗೆ. ನುಂಗು, ಎರಡು ದಿನ ಕಾಯ್ತೀವಿ ಅಂತಾರೆ. ಸಂಜೆ ಫೋನ್ ಗ್ರೂಪಲ್ಲಿ ಕೇಳ್ತಾರೆ, ಬಂತಾ ಅಂತ. ಎಲ್ಲರೂ ಕೇಳ್ತಾರೆ. ನಗೋ ಮುಖ ಹಾಕ್ತಾರೆ.’ ಹೇಳುವಾಗ ಅವಳ ಧ್ವನಿ ಅಳುವಿನದಲ್ಲ, ಬೇರೆ ಯಾರದೋ ಸುದ್ದಿ ಓದುವವಳದು. ‘ಎಸೆಯೋಕೆ ಹೋದ್ರೆ ನೋಡ್ತಾರೆ. ಅದಕ್ಕೆ ಬ್ಯಾಗಿಗೆ ಹಾಕ್ಕೋತಿದ್ದೆ.’

ಮತ್ತು ನಾನು ಅವನ್ನು ಬಣ್ಣ ನೋಡಿ ಡಬ್ಬಿಯಲ್ಲಿಟ್ಟೆ, ಎಂದುಕೊಂಡಳು ಟೈಲರಮ್ಮ. ಕೆಂಪು ಬೇರೆ, ಬಿಳಿ ಬೇರೆ. ‘ನನಗೆ ಯಾಕೆ ಹೇಳಲಿಲ್ಲ?’ ಎಂಬ ಪ್ರಶ್ನೆ ಗಂಟಲವರೆಗೆ ಬಂತು. ಕೇಳಿದರೆ ಉತ್ತರವೂ ಬರುತ್ತದೆ ಎಂದು ಹೆದರಿ ನುಂಗಿಕೊಂಡಳು.

‘ಫೋನು ಕೊಡಲಾ?’ ಎಂದಳು.

‘ಬೇಡ. ಅಲ್ಲೇ ಇರಲಿ, ನಿನ್ನೆ ರಾತ್ರಿ ನಿದ್ದೆ ಬಂತು.’ ಎಂದಳು ಗುಂಡಿ. ‘ಪೂರ್ತಿ ಬೇಡ ಅಂತಲ್ಲ. ಗ್ರೂಪಿಂದ ಹೊರಗೆ ಬಂದಮೇಲೆ ಕೊಡು. ನೀನು ಮೊದಲು ಅದನ್ನ ಅಳಿಸು.’

ಯಾವುದನ್ನು ಎಂದು ಕೇಳುವ ಅಗತ್ಯವಿರಲಿಲ್ಲ. ಟೈಲರಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ತನ್ನ ಫೋನು ತೆಗೆದಳು. ಎಲ್ಲಿ ಒತ್ತಬೇಕೆಂದು ಮಗಳು ಬೆರಳು ತೋರಿಸಿದಳು. ಒತ್ತಿದಳು. ಖಂಡಿತವಾಗಿಯೂ ಅಳಿಸಬೇಕೇ ಎಂದು ಫೋನು ಕೇಳಿತು. ಎಷ್ಟು ಮರ್ಯಾದೆಯಿಂದ ಕೇಳುತ್ತದೆ! ಅಕ್ಷರಗಳ ಹಿಂದೆ ಹೃದಯವೂ, ಅದರ ಪಕ್ಕದ ಅಂಕಿಯೂ ಮಸುಕಾಗಿ ಕಾಣುತ್ತಿದ್ದವು. ಬೆಳಿಗ್ಗೆ ನೋಡಿದ್ದಕ್ಕಿಂತ ನಾಲ್ಕು ಜಾಸ್ತಿಯಾಗಿತ್ತು. ಹೆಬ್ಬೆರಳು, ಆ ಸೂಜಿ ಚುಚ್ಚಿದ ಹೆಬ್ಬೆರಳು, ಗಾಜಿನ ಮೇಲೆ ಇಳಿಯಬೇಕಾದದ್ದು, ಒಂದು ಅಕ್ಕಿಕಾಳಿನಷ್ಟು ಅಂತರದಲ್ಲಿ ನಿಂತುಬಿಟ್ಟಿತು. ಅವಳು ನಿಲ್ಲಿಸಿರಲಿಲ್ಲ. ಅದೇ ನಿಂತಿತ್ತು. ನಿಂತದ್ದನ್ನು ಮಗಳು ನೋಡಿದಳು ಎಂದು ಅವಳಿಗೆ ಗೊತ್ತಾಯಿತು, ಗೊತ್ತಾದ ಮೇಲೂ ಅದು ಇನ್ನೊಂದು ಉಸಿರಿನಷ್ಟು ಹೊತ್ತು ನಿಂತೇ ಇತ್ತು. ಇಡೀ ದಿನದಲ್ಲಿ ಇಷ್ಟು ನಾಚಿಕೆ ಅವಳಿಗೆ ಆಗಿರಲಿಲ್ಲ, ಬಾಯ ತುಂಬ ಸೂಜಿ ಇದ್ದಾಗಲೂ.

‘ಪರವಾಗಿಲ್ಲಮ್ಮಾ’ ಎಂದಳು ಗುಂಡಿ, ತಜ್ಞರ ನಗುಮುಖವನ್ನೇ ತನ್ನ ಮುಖಕ್ಕೆ ಅಂಟಿಸಿಕೊಂಡು, ಅವರದೇ ಜೇನಿನಂಥ ಧ್ವನಿಯಲ್ಲಿ. ‘ಹೊಸದರಲ್ಲಿ ಕೈ ತುರಿಸುತ್ತೆ. ಸಿಡುಕು ಬರುತ್ತೆ. ನಾನು ಕರಗಬಾರದು ಅಷ್ಟೇ.’

ಟೈಲರಮ್ಮನಿಗೆ ನಗು ಬಂತು, ನಗುವಿನ ಜೊತೆ ಬರಬಾರದ್ದೂ ಬಂತು, ಎರಡರ ಗಡಿಬಿಡಿಯಲ್ಲಿ ಹೆಬ್ಬೆರಳು ಒತ್ತಿಹೋಯಿತು. ವೀಡಿಯೋ ಇದ್ದ ಜಾಗದಲ್ಲಿ ಯಾರದೋ ಅಂಗಿಯ ತೋಳಿನ ಚಿತ್ರ ಬಂದು ಕೂತಿತು, ಒಂಬತ್ತು ಹೃದಯಗಳ ಜೊತೆ.

‘ನಾಳೆ ಶಾಲೆಗೆ ನಾನೂ ಬರ್ತೀನಿ. ನಿಮ್ಮ ಟೀಚರ್ ಹತ್ರ ಡಬ್ಬಿ ವಿಷಯ ಮಾತಾಡ್ತೀನಿ.’

‘ಕೂಗಾಡಬಾರದು.’

‘ಕೂಗಾಡಲ್ಲ. ಆದ್ರೆ ಅವರೆಲ್ಲರ ಫೋನಲ್ಲಿ ಅದು ಇದ್ದೇ ಇರುತ್ತಲ್ವಾ? ನಾನು ಅಳಿಸಿ ಏನು ಬಂತು?’

‘ಇರುತ್ತೆ. ನಿನ್ನ ಹತ್ರ ಇರಬಾರದು ಅಂತ.’

ಆಮೇಲೆ ಇಬ್ಬರೂ ಅಂಗಡಿಗೆ ಬಂದರು. ಮಗಳು ಬದಲಿಸಿ ಕೊಟ್ಟ ಫ್ರಾಕಿನ ಹೊಲಿಗೆಯನ್ನು ಟೈಲರಮ್ಮ ಬಿಚ್ಚಿದಳು. ಅದೃಷ್ಟಕ್ಕೆ ಒಳಗೆ ಬಟ್ಟೆ ಧಾರಾಳ ಬಿಟ್ಟಿದ್ದಳು, ಸರಿಪಡಿಸಬಹುದಿತ್ತು. ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕೀಲಿ ಬಿಚ್ಚಿಟ್ಟು, ಟೇಪು ಹಿಡಿದಳು. ಭುಜ ಅಳೆದು ಬಾಯಿ ತೆರೆದಳು, ಮುಚ್ಚಿದಳು. ಬೆನ್ನುದ್ದ ಅಳೆದಳು, ಅಂಕಿ ಗಂಟಲಲ್ಲಿ ಬಿಕ್ಕಳಿಕೆಯ ಹಾಗೆ ಏಳುತ್ತಿತ್ತು, ಅದುಮಿದಳು. ಹೊಟ್ಟೆಯ ಹತ್ತಿರ ಬಂದಾಗ ಬಲಗೈ ಮೆಲ್ಲಗೆ ಏಳುವುದನ್ನು ಕಂಡು ಅವಳು ಹಾಗೇ ನಿಂತು ಕಾದಳು. ಕೈ ಅಲ್ಲೇ ಇತ್ತು. ಕಾದಳು. ‘ಇಲ್ಲಿ, ನೀನೇ ಹಿಡ್ಕೋ’ ಎಂದು ಟೇಪಿನ ಎರಡೂ ತುದಿಗಳನ್ನು ಮಗಳಿಗೇ ಕೊಟ್ಟು ಕಿಟಕಿಯ ಕಡೆ ತಿರುಗಿಕೊಂಡಳು. ಗುಂಡಿ ಅಳೆದುಕೊಂಡಳು, ಸೀಮೆಸುಣ್ಣ ತೆಗೆದುಕೊಂಡು ಬಟ್ಟೆಯ ಒಳಮಗ್ಗುಲಿಗೆ ತಾನೇ ಗೆರೆ ಎಳೆದಳು. ಅಂಕಿ ಯಾರ ಬಾಯಿಂದಲೂ ಬರಲಿಲ್ಲ. ಇಷ್ಟು ನಿಶ್ಶಬ್ದವಾಗಿ ಆ ಅಂಗಡಿಯಲ್ಲಿ ಎಂದೂ ಅಳತೆ ತೆಗೆದಿರಲಿಲ್ಲ. ಗೊಂಬೆಗೂ ಅನುಮಾನ ಬಂದಿರಬೇಕು.

‘ಗುಂಡಿ ಬೇಡ. ಬೆನ್ನಿಗೆ ಜಿಪ್ ಹಾಕು.’

‘ಜಿಪ್ಪೇ ಹಾಕ್ತೀನಿ. ಹಾಕಿದ್ರೆ ನಾಳೆ ಫೋಟೋಗೆ ಹೋಗ್ತೀಯಾ?’

‘ನೋಡೋಣ. ಹಿಂದಿನ ಸಾಲಲ್ಲಿ.’ ಕನ್ನಡಿ ನೋಡುತ್ತಾ, ‘ಹಿಂದಿನ ಸಾಲಲ್ಲಿ ನಿಂತ್ರೆ ನೆಟ್ಟಗೆ ನಿಲ್ಲಬೇಕಾಗುತ್ತೆ, ಇಲ್ದಿದ್ರೆ ಕಾಣಲ್ಲ’ ಎಂದಳು, ಹಾಗೆ ನಿಲ್ಲುವುದು ಯಾರದೋ ತೀರ್ಮಾನ ಎಂಬಂತೆ.

ಟೈಲರಮ್ಮ ಮೆಷಿನ್ನಿನ ಮುಂದೆ ಕೂರಲು ಹೋದಳು. ‘ನಿಲ್ಲಮ್ಮಾ’ ಎಂದಳು ಗುಂಡಿ. ಟೇಪು ಅವಳ ಕೈಯಲ್ಲೇ ಇತ್ತು. ಅಮ್ಮನ ಹಿಂದೆ ಬಂದು ಕತ್ತಿನ ಬುಡದಲ್ಲಿ ಹೆಬ್ಬೆರಳಿಟ್ಟು, ಬೆನ್ನ ಮೇಲೆ ಟೇಪು ಇಳಿಬಿಟ್ಟಳು. ಆ ಬೆರಳು ತಣ್ಣಗಿತ್ತು. ಬೇರೆಯವರ ಮೈಯನ್ನೆಲ್ಲ ಅಳೆದವಳ ಮೈಯನ್ನು ಯಾರೂ ಅಳೆದಿರಲಿಲ್ಲ. ತನ್ನ ಬಟ್ಟೆಯನ್ನು ಹಳೆಯ ಅಂಗಿಯೊಂದನ್ನು ಹಾಸಿ ಅಂದಾಜಿನಲ್ಲೇ ಕತ್ತರಿಸಿಕೊಳ್ಳುತ್ತಿದ್ದಳು. ಅವಳಿಗೆ ವಿಚಿತ್ರವಾಗಿ ಬಲಗೈಯನ್ನು ಎಲ್ಲಾದರೂ ಅಡ್ಡ ಇಟ್ಟುಕೊಳ್ಳಬೇಕೆನಿಸಿತು.

‘ನೆಟ್ಟಗೆ ನಿಲ್ಲು.’

‘ನಿಂತಿದ್ದೀನಲ್ಲೇ.’

‘ಇದು ನೆಟ್ಟಗಾ? ತಲೆ ಎತ್ತು. ಇನ್ನೂ ಎತ್ತು.’

ಎತ್ತಿದಳು. ಕನ್ನಡಿಯಲ್ಲಿ ನೋಡಿದರೆ ಕತ್ತು ಮುಂದಕ್ಕೇ ಇತ್ತು, ಬೆನ್ನು ಬಾಗಿಯೇ ಇತ್ತು, ಸೂಜಿಯ ಮೂಗನ್ನೇ ನೋಡುತ್ತಾ ಬೆಳೆದ ಬೆನ್ನು. ಅದರ ಹಿಂದೆ ಅವಳ ಭುಜದ ಮೇಲಿಂದ ಮಗಳ ಮುಖ ಇಣುಕುತ್ತಿತ್ತು. ಹುಬ್ಬು ಗಂಟುಹಾಕಿಕೊಂಡು, ತುಟಿ ಕಚ್ಚಿಕೊಂಡು, ಟೇಪಿನ ಅಂಕಿಯನ್ನು ಓದುತ್ತಿತ್ತು. ಡ್ರಾಯರಿನೊಳಗೆ ಗುರ್ ಎಂದಿತು. ಗುಂಡಿ ಆ ಕಡೆ ನೋಡಿದಳು, ಮತ್ತೆ ಟೇಪಿಗೆ ಬಂದಳು.

‘ಎಷ್ಟೇ?’ ಎಂದಳು ಟೈಲರಮ್ಮ.

ಗುಂಡಿ ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

‘ಎಷ್ಟು ಬಂತೇ, ಹೇಳೇ! ಜಾಸ್ತಿ ಬಂತಾ?’

‘ಹೇಳಲ್ಲ’ ಎಂದಳು ಗುಂಡಿ. ‘ಯಾರಿಗೂ ಹೇಳಲ್ಲ.’